ಜುಲುಮೆಯ ಚೀಟಿ

ನಿಘಂಟು ಕಚೇರಿಯಲ್ಲಿ ಪದಕ್ಕೊಂದು ಚೀಟಿ, ಚೀಟಿಗೆ ಎರಡು ಸಹಿ: ಬರೆದ ಸಹಾಯಕಿಯದು, ಒಪ್ಪಿದ ಸಂಪಾದಕರದು. 'ಜುಲುಮೆ' ಎಂಬ ಪದದ ಚೀಟಿ ಮಾತ್ರ ಒಂಬತ್ತು ದಿನದಿಂದ ಇಬ್ಬರ ಸಹಿಯೂ ಇಲ್ಲದೆ ಆ ಮೇಜಿಗೂ ಈ ಮೇಜಿಗೂ ಅಲೆಯುತ್ತಿತ್ತು. ಹತ್ತನೆಯ ದಿನ ಬೆಳಿಗ್ಗೆ ಸಂಪಾದಕರು ತಾವೇ ಚಹಾ ಹಿಡಿದುಕೊಂಡು ಬಂದರು.

"ತಗೋಮ್ಮಾ, ಕುಡಿ."

"ಈಗಷ್ಟೇ ಆಯ್ತು ಸರ್."

"ಪರವಾಗಿಲ್ಲ, ಇನ್ನೊಂದು."

ಲೋಟದ ಪಕ್ಕದಲ್ಲಿ ಚೀಟಿಯನ್ನೂ ಇಟ್ಟರು. ಸಹಾಯಕಿ ಬರೆದಿದ್ದ 'ಅರಬ್ಬಿಯ ಜುಲ್ಮ್. ಅನ್ಯಾಯ, ದಬ್ಬಾಳಿಕೆ' ಎಂಬುದನ್ನು ಹೊಡೆದುಹಾಕಿ, 'ಪ್ರೀತಿಯಿಂದ ಮಾಡುವ ಒತ್ತಾಯ' ಎಂದು ತಿದ್ದಿದ್ದರು.

"ಮೂಲದಲ್ಲಿ ಪ್ರೀತಿ ಇಲ್ಲ ಸರ್."

"ಮೂಲದಲ್ಲಿ ಇರಲ್ಲ, ನಮ್ಮ ಬಾಯಲ್ಲಿದೆ. ಅಜ್ಜಿ ಜುಲುಮೆ ಮಾಡಿ ಇನ್ನೊಂದು ತುತ್ತು ತಿನ್ನಿಸ್ತಾಳೆ. ಅದೂ ದಬ್ಬಾಳಿಕೆನಾ?"

"ತಿಂದೋರನ್ನ ಕೇಳ್ಬೇಕು ಸರ್."

ಆಚೆ ಮೇಜಿನ ಟೈಪಿಸ್ಟ್ ಕೆಮ್ಮಿದ. ಸಂಪಾದಕರನ್ನು ಬೆನ್ನ ಹಿಂದೆ 'ಅರ್ಥಮಂತ್ರಿ' ಎನ್ನುತ್ತಿದ್ದವನು ಅವನೇ.

"ನೋಡಮ್ಮಾ, ಮಗಳಿದ್ದ ಹಾಗೆ ಅಂತ ಹೇಳ್ತೀನಿ. ನಿನ್ನ ಕೆಲಸ ಮುಂದುವರಿಸೋ ಕಾಗದ ನನ್ನ ಮೇಜಿನ ಮೇಲಿದೆ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ, ಸುಮ್ನೆ ಹೇಳಿದೆ. ಸಹಿ ಹಾಕು. ನಿನ್ನ ಒಳ್ಳೇದಕ್ಕೇ."

ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಈ ಅಕ್ಕರೆಗೆ ಏನೆನ್ನುವುದು? ಆರು ವರ್ಷ ಕತ್ತು ಬಗ್ಗಿಸಿ ಮಾಡಿದ ಕೆಲಸ. ಕೈ ತಾನಾಗಿಯೇ ಪೆನ್ನಿನತ್ತ ಹೋಯಿತು. ಅದನ್ನು ಕಂಡು ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು.

"ಇವತ್ತಿನ ಮಾತಲ್ಲಿ ದಬ್ಬಾಳಿಕೆ ಅನ್ನೋ ಅರ್ಥ ಎಲ್ಲಿದೆ? ಬಳಕೆಯ ಒಂದು ವಾಕ್ಯ ತೋರ್ಸು, ಒಪ್ಕೋತೀನಿ," ಎಂದರು ಸಂಪಾದಕರು, ಗೆದ್ದವರ ಗತ್ತಿನಲ್ಲಿ.

ಅವಳು ಹೊಸ ಚೀಟಿ ಎಳೆದುಕೊಂಡಳು. ಮೂಲ, ಅರ್ಥ ಎರಡನ್ನೂ ಮೊದಲಿದ್ದಂತೆಯೇ ಬರೆದು, ಕೆಳಗೆ ಉದಾಹರಣೆ ಕೊಟ್ಟಳು: 'ಕೆಲಸದ ಕಾಗದದ ಮಾತೆತ್ತಿ, ನಿನ್ನ ಒಳ್ಳೆಯದಕ್ಕೇ ಎಂದು ಜುಲುಮೆ ಮಾಡಿ ಸಹಿ ಹಾಕಿಸಿಕೊಂಡರು. ಆಡುಮಾತು, ಈ ಕಚೇರಿ, ಇಂದು ಬೆಳಿಗ್ಗೆ.'

ಸಂಪಾದಕರು ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು. ಟೈಪಿಸ್ಟನ ಯಂತ್ರ ನಿಂತುಹೋಗಿತ್ತು.

"ಯಾರು ಅನ್ನೋದು ಬಿಟ್ಟುಹೋಗಿದೆ," ಎಂದರು ಕೊನೆಗೆ. ಕೆಂಪು ಪೆನ್ನಿನಿಂದ ವಾಕ್ಯದ ತಲೆಯಲ್ಲಿ 'ಸಂಪಾದಕರು' ಎಂದು ಸೇರಿಸಿದರು. 'ಹಾಕಿಸಿಕೊಂಡರು' ಎಂಬುದನ್ನು ಹೊಡೆದು 'ಹಾಕಿಸಿಕೊಳ್ಳಲು ನೋಡಿದರು' ಎಂದು ಬರೆದರು. ಅದರ ಕೆಳಗೆ ತಮ್ಮ ಸಹಿ ಹಾಕಿ, ಚೀಟಿಯನ್ನು ಅವಳತ್ತ ಸರಿಸಿ ಕಿಟಕಿಯ ಕಡೆ ತಿರುಗಿದರು.

"ಓದಿ ನೋಡಿ. ಸರಿ ಅನ್ನಿಸಿದ್ರೆ ಮಾತ್ರ ಸಹಿ ಹಾಕಿ."