ಬಚ್ಚಲಮನೆಯ ಮೇಲಿನ ಅಧ್ಯಕ್ಷರು

ನಾನು ದಿನಾ ಸ್ನಾನ ಮಾಡುವಾಗ ನನ್ನ ಗಂಡ ಮೇಲಿನಿಂದ ಕೈಮುಗಿದುಕೊಂಡು ನೋಡುತ್ತಿರುತ್ತಾರೆ. ಬಚ್ಚಲಮನೆಯ ಮಾಡಿನ ಮೇಲೆ ಹಲಸಿನ ಕೊಂಬೆ ಬಿದ್ದು ಅರ್ಧ ಹೆಂಚು ಪುಡಿಯಾದಾಗ ಆ ತೂತಿಗೆ ಅವರು ಹೊದಿಸಿದ್ದು ತಮ್ಮ ಬಳಗದ ಹಳೆಯ ಫ್ಲೆಕ್ಸು. 'ಸೂರುಬಂಧು ಬಳಗ, ಅಶಕ್ತರ ಮನೆಗಳಿಗೆ ಉಚಿತ ದುರಸ್ತಿ' ಎಂಬ ದಪ್ಪ ಅಕ್ಷರಗಳ ಪಕ್ಕದಲ್ಲಿ ಅಧ್ಯಕ್ಷ ಬೆಳ್ಳಪ್ಪ ಮೇಷ್ಟ್ರು, ಅಂದರೆ ಇವರೇ, ಹಲ್ಲು ಬಿಟ್ಟು ನಿಂತಿದ್ದಾರೆ. ಗಾಳಿ ಬೀಸಿದರೆ ತಲೆಯನ್ನೂ ಆಡಿಸುತ್ತಾರೆ. ಚಿತ್ರ ಒಳಮುಖವಾಗಿ ಯಾಕೆ ಎಂದು ಕೇಳಿದ್ದಕ್ಕೆ, "ಹೊರಗೆ ಹಾಕಿದ್ರೆ ಬಿಸಿಲಿಗೆ ಬಣ್ಣ ಹೋಗ್ತದಲ್ಲ" ಎಂದಿದ್ದರು.

ಹೊಸನಗರದ ಹೈಸ್ಕೂಲಿನಲ್ಲಿ ಅವರು ಪಿ.ಟಿ. ಮೇಷ್ಟ್ರಾಗಿದ್ದರು. ಅವರು ನಿವೃತ್ತರಾದರು, ಅವರ ಸೀಟಿ ಆಗಲಿಲ್ಲ. ಪ್ರತಿ ಭಾನುವಾರ ಹನ್ನೆರಡು ಜನ ಹಳದಿ ಟೀ ಶರ್ಟಿನವರನ್ನು ವ್ಯಾನಿಗೆ ತುಂಬಿಕೊಂಡು ಹೊರಡುತ್ತಾರೆ. ಆನಂದಪುರದಿಂದ ಮಂಡಗದ್ದೆವರೆಗೆ ಎಲ್ಲಿ ಗೋಡೆ ಬಿರುಕು ಬಿಟ್ಟರೂ, ಎಲ್ಲಿ ಮಾಡಿನ ಪಕಾಸನ್ನು ಗೆದ್ದಲು ತಿಂದರೂ ಇವರಿಗೆ ಸುದ್ದಿ ಬರುತ್ತದೆ. ಸೀಟಿ ಊದಿದರೆ ಬಳಗದವರು ಏಣಿ ಹತ್ತುತ್ತಾರೆ, ಇನ್ನೊಮ್ಮೆ ಊದಿದರೆ ಇಳಿಯುತ್ತಾರೆ. ಇವರು ಮಾತ್ರ ಹತ್ತಿದ್ದನ್ನು ಯಾರೂ ನೋಡಿಲ್ಲ. ಕೆಲಸ ಮುಗಿದ ಮೇಲೆ ಮನೆಯ ಯಜಮಾನರು ಬಾಗಿಲಲ್ಲಿ ಕೈಮುಗಿದು ನಿಲ್ಲಬೇಕು. ಮೊಬೈಲ್ ಅಂಗಡಿಯ ಉಮೇಶ್ ಫೋಟೋ ತೆಗೆಯುತ್ತಾನೆ. ಕೈ ಹೊಟ್ಟೆಯ ಹತ್ತಿರ ಇದ್ದರೆ ಇವರು "ಇನ್ನೂ ಸ್ವಲ್ಪ ಮೇಲೆ, ಎದೆ ಮಟ್ಟಕ್ಕೆ" ಎನ್ನುತ್ತಾರೆ. ಕಣ್ಣು ಮುಚ್ಚಿದ್ದರೆ ಇನ್ನೊಂದು ತೆಗೆಸುತ್ತಾರೆ.

ನನ್ನ ಗೋಳಿಗೆ ಮಾತ್ರ ಇವರ ಕಿವಿ ಕಿವುಡು. ಮಗಳು ಸುಷ್ಮಾ ಎಂಟು ತಿಂಗಳ ಬಸುರಿ. ಅವಳನ್ನು ತವರಿಗೆ ಕಳಿಸುವ ದಿನ ಗೊತ್ತು ಮಾಡಲು ಬೀಗಿತ್ತಿ ಯಶೋಧಾ ತೀರ್ಥಹಳ್ಳಿಯಿಂದ ಬಂದಿದ್ದರು. ಕಾಲು ತೊಳೆಯಲು ಬಚ್ಚಲಿಗೆ ಹೋದವರು ಹೋದಷ್ಟೇ ಬೇಗ ಹೊರಗೆ ಬಂದರು.

"ಒಳಗೆ ಬೀಗರು ಇದಾರೆ" ಎಂದರು.

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಆಕೆ ನಗಲಿಲ್ಲ. ಕಾಫಿ ಕುಡಿದು ಲೋಟ ಕೆಳಗಿಟ್ಟು ಹೇಳಿದರು: "ಮೊದಲ ಬಾಣಂತನ ತವರಿನದ್ದು, ನಂಗೂ ಗೊತ್ತು. ಆದ್ರೆ ಹಸಿ ಬಾಣಂತೀನ ಆಕಾಶದ ಕೆಳಗೆ ಮೀಸಕ್ಕಾಗ್ತದಾ ಮೀನಾಕ್ಷಮ್ಮ? ಬರೋ ಭಾನುವಾರ ಅಲ್ಲ, ಅದರಾಚೆ ಭಾನುವಾರ ಕರ್ಕಂಡ್ ಬರ್ತೀನಿ. ಮಾಡು ಆಗಿದ್ರೆ ಬಿಟ್ಟು ಹೋಗ್ತೀನಿ. ಇಲ್ದಿದ್ರೆ ಅದೇ ಕಾರಲ್ಲಿ ವಾಪಸ್. ಬಾಣಂತನ ನಾವೇ ಮಾಡ್ಕಂತೀವಿ."

ಇದ್ದೊಬ್ಬ ಮಗಳು. ಅವಳಿಗೆ ಎಣ್ಣೆ ಹಚ್ಚಿ, ಹಂಡೆ ಕಾಯಿಸಿ, ಬೆನ್ನಿಗೆ ಬಿಸಿನೀರು ಹುಯ್ಯುವುದು ನನ್ನ ಪಾಲಿನ ಕೆಲಸ. ಅದನ್ನು ಬೀಗಿತ್ತಿಗೆ ಬಿಟ್ಟುಕೊಟ್ಟು ನಾನು ತೀರ್ಥಹಳ್ಳಿಗೆ ನೆಂಟರ ಹಾಗೆ ಕಿತ್ತಳೆಹಣ್ಣು ಹಿಡಿದುಕೊಂಡು ಹೋಗಬೇಕಂತೆ. ಆ ದಿನ ನನಗೆ ಅನ್ನ ಸೇರಲಿಲ್ಲ.

"ಬಳಗದವರನ್ನ ಒಂದಿನ ನಮ್ಮನೆಗೆ ಹಚ್ಚಿ" ಎಂದೆ.

"ನಾವೆಂತ ಅಶಕ್ತರಾ? ಅಧ್ಯಕ್ಷ ಸ್ವಂತ ಮನೆ ಮಾಡಿಸ್ಕಂಡ ಅಂತಾರೆ."

"ಹಂಗಾದ್ರೆ ಕೂಲಿಯವ್ರನ್ನ ಕರೀರಿ."

"ಊರಿಗೆಲ್ಲ ಪುಕ್ಕಟೆ ಮಾಡೋನು ತನ್ನ ಮನೆಗೆ ಕೂಲಿ ಕೊಟ್ಟ ಅಂತ ನಗಾಡ್ತಾರೆ."

"ನೀವೇ ಹತ್ತಿ."

ಅವರು ಸೀಟಿ ಒರೆಸುತ್ತ ಕುಳಿತರು. ಹಿಂದೊಮ್ಮೆ ನಾನೇ ಹೆಂಚು, ಅದರಡಿಗೆ ಹೊಡೆಯುವ ರೀಪು ತರಿಸಿ ಕೆಲಸದವನಿಗೆ ಹೇಳಿದ್ದೆ. ಇವರು ಗೇಟಿನ ಹತ್ತಿರವೇ ಅವನಿಗೆ ಸೇವೆಯ ಮಹತ್ವದ ಬಗ್ಗೆ ಭಾಷಣ ಬಿಗಿದು ಕಳಿಸಿಬಿಟ್ಟಿದ್ದರು. ಆ ಸಾಮಾನು ಹಿತ್ತಲಲ್ಲಿ ಇನ್ನೂ ಹಾಗೆಯೇ ಬಿದ್ದಿತ್ತು.

ಬಂದ ಭಾನುವಾರ ಬಳಗದ ಸವಾರಿ ಮಾಸ್ತಿಕಟ್ಟೆಯ ಹತ್ತಿರದ ಕನ್ನಮ್ಮನ ಮನೆಗೆ. ಬಳಗದಲ್ಲಿ ಯಾರನ್ನಾದರೂ ಗುಟ್ಟಾಗಿ ಒಪ್ಪಿಸಿ ನಮ್ಮ ಮನೆಗೆ ಕರೆದು ತರೋಣವೆಂದು ನಾನೂ ವ್ಯಾನು ಹತ್ತಿದೆ. ಕನ್ನಮ್ಮ ಐವತ್ತು ದಾಟಿದ ಹೆಂಗಸು, ಗಂಡ ಇಲ್ಲ, ತುಂಡು ಗದ್ದೆ ಇದೆ, ನಾಲಿಗೆ ಚುರುಕು. ಬಳಗದವರು ಅವಳ ಅಡುಗೆಮನೆಯ ಮಾಡು ಬಿಚ್ಚಿ ಹೊಸ ರೀಪು ಹೊಡೆದು ಹೆಂಚು ಹೊದಿಸಿದರು. ಸುಳ್ಳು ಹೇಳಬಾರದು, ಕೆಲಸ ಚೆನ್ನಾಗಿಯೇ ಆಯಿತು. ಫೋಟೋಗೆ ನಿಲ್ಲಿಸಿದಾಗ ಕನ್ನಮ್ಮ ಸೊಂಟದ ಮೇಲಿನ ಕೈ ತೆಗೆಯಲಿಲ್ಲ.

"ಮೇಷ್ಟ್ರೆ, ಮುಯ್ಯಿ ಯಾವತ್ತು ಬೇಕು?" ಎಂದಳು.

ನಮ್ಮ ಕಡೆ ಗದ್ದೆಯ ನೆಟ್ಟಿ, ಕೊಯ್ಲು ಎಲ್ಲ ಮುಯ್ಯಾಳಿನ ಮೇಲೆ ನಡೆಯುತ್ತಿತ್ತು. ನೀವು ನಮ್ಮಲ್ಲಿ ಒಂದು ದಿನ ದುಡಿದರೆ ನಾವು ನಿಮ್ಮಲ್ಲಿ ಒಂದು ದಿನ ದುಡಿಯಬೇಕು. ತೀರಿಸದವರನ್ನು ಮುಂದಿನ ವರ್ಷ ಯಾರೂ ಕರೆಯುವುದಿಲ್ಲ, ಮದುವೆಮನೆಯಲ್ಲಿ ಪಕ್ಕದಲ್ಲಿ ಕೂರುವುದಕ್ಕೂ ಯೋಚಿಸುತ್ತಾರೆ. ಇದೆಲ್ಲ ಇವರಿಗೆ ಗೊತ್ತಿಲ್ಲದ್ದೇನಲ್ಲ, ಇವರ ಅಪ್ಪನೂ ಗದ್ದೆ ಮಾಡಿದವರೇ. ಆದರೆ ಉಮೇಶ್ ವಿಡಿಯೋ ಮಾಡುತ್ತಿದ್ದನಲ್ಲ, ಇವರಿಗೆ ಭಾಷಣ ಉಕ್ಕಿತು. "ನಮ್ಮ ಮನೆ ನಿಮ್ಮದೇ ಅಂತ ತಿಳ್ಕಳಿ ಕನ್ನಮ್ಮ. ಯಾವಾಗ ಬೇಕಾದ್ರೂ ಬನ್ನಿ!" ಎಂದು ಕೈ ಚಾಚಿದರು.

ಹೋಗಲಿ ಬಿಡಿ ಎನ್ನುವುದರ ಬದಲು ಬನ್ನಿ ಎಂದುಬಿಟ್ಟರು. ಕನ್ನಮ್ಮ ತಲೆಯಾಡಿಸಿದಳು. ಚಪ್ಪಾಳೆ ಬಿತ್ತು. ವಾಪಸ್ ಬರುವಾಗ ವ್ಯಾನಿನಲ್ಲಿ ನಾನು ಕೇಳಿದವರೆಲ್ಲ "ಮೇಷ್ಟ್ರು ಹೇಳಿದ್ರೆ ಬರ್ತೀವಿ ಅಕ್ಕಾ" ಎಂದು ಕಿಟಕಿಯಾಚೆ ನೋಡತೊಡಗಿದರು.

ಆ ವಾರವಿಡೀ ನಾನು ಇವರ ಹತ್ತಿರ ಮಾತು ಬಿಟ್ಟೆ. ಇವರಿಗೆ ಅದು ಗೊತ್ತಾದದ್ದು ಶುಕ್ರವಾರ.

ಬೀಗಿತ್ತಿ ಬರುವ ಭಾನುವಾರ ಬೆಳಗ್ಗೆ ಇವರು ಮಂಡಗದ್ದೆಯ ಕೆಲಸಕ್ಕೆ ಹೊರಟು ಹಳದಿ ಟೀ ಶರ್ಟಿನಲ್ಲಿ ವ್ಯಾನಿಗೆ ಕಾಯುತ್ತಿದ್ದರು. ಗೇಟು ಕಿರುಗುಟ್ಟಿತು. ಕನ್ನಮ್ಮ! ಹಿಂದೆ ಅವಳ ತಮ್ಮ ಧರ್ಮಪ್ಪ, ಅವನ ಹೆಂಡತಿ, ಕೇರಿಯ ಇನ್ನಿಬ್ಬರು. ಮೊದಲ ಬಸ್ಸಿಗೆ ಬಂದಿದ್ದರು. ಕೈಯಲ್ಲಿ ಕತ್ತಿ, ಸುತ್ತಿಗೆ, ಹಗ್ಗ.

"ಬಂದ್ವಿ ಮೇಷ್ಟ್ರೆ. ಎಲ್ಲಿಂದ ಶುರು ಮಾಡದು?"

ಇವರ ಮುಖದ ಬಣ್ಣ ಫ್ಲೆಕ್ಸಿನದಕ್ಕಿಂತ ಬೇಗ ಹೋಯಿತು. "ಅಯ್ಯೋ, ನಾವು ಮಾಡಿದ್ದು ಸೇವೆ ಕನ್ನಮ್ಮ. ಸೇವೇನ ವಾಪಸ್ ಕೊಡೋ ಹಂಗಿಲ್ಲ."

"ಎಂತಕ್ಕೆ?"

"ಎಂತಕ್ಕೆ ಅಂದ್ರೆ... ವಾಪಸ್ ಕೊಟ್ರೆ ಅದು ಸೇವೆ ಆಗದಿಲ್ಲ."

"ಅಂದ್ರೆ ನಾನು ಸಾಯೋತಂಕ ನಿಮ್ಮೆದುರು ತಲೆ ಬಗ್ಸಿಕಂಡೇ ಓಡಾಡ್ಬೇಕಾ?" ಕನ್ನಮ್ಮನ ದನಿ ಏರಿತು. "ಊರಲ್ಲಿ ನಂಗೆಂತ ಅಂತಾರೆ ಗೊತ್ತಾ? ಪುಕ್ಕಟೆ ಕನ್ನಮ್ಮ ಅಂತಾರೆ. ಮುಯ್ಯಿ ತಗಳಿ, ಇಲ್ಲಾಂದ್ರೆ ಇವತ್ತೇ ಬಂದು ನಿಮ್ಮ ಹೆಂಚು ಇಳಿಸ್ಕಂಡ್ ಹೋಗಿ. ನಂಗೆ ನನ್ನ ಹಳೇ ಮಾಡೇ ಸಾಕು."

ಇವರಿಗೆ ಬೆವರು ಕಿತ್ತುಕೊಂಡಿತು. ಹೆಂಚು ಇಳಿಸಿದರೆ, ಆಗಲೇ ಸಾವಿರ ಜನ ಮೆಚ್ಚಿದ ವಿಡಿಯೋದ ಗತಿ ಏನು? ಮುಯ್ಯಿ ತೆಗೆದುಕೊಂಡರೆ ಅಧ್ಯಕ್ಷಗಿರಿಯ ಗತಿ ಏನು? ಕೊನೆಗೆ ಉಪಾಯ ಹೊಳೆದವರಂತೆ ಬಾಯಿ ತೆರೆದರು: "ಮಾಡಕ್ಕೆ ನಮ್ಮನೇಲಿ ಕೆಲಸವೇ ಇಲ್ವಲ್ಲ!"

"ಇದೆ" ಎಂದೆ ನಾನು. "ಬಾ ಕನ್ನಮ್ಮ."

ಬಚ್ಚಲಮನೆಗೆ ಕರೆದುಕೊಂಡು ಹೋದೆ. ಕನ್ನಮ್ಮ ಹಂಡೆ ನೋಡಿದಳು, ಒಲೆ ನೋಡಿದಳು, ಆಮೇಲೆ ತಲೆ ಎತ್ತಿದಳು. ಮೇಲೆ ಅಧ್ಯಕ್ಷರು ಗಾಳಿಗೆ ತಲೆಯಾಡಿಸಿ ನಕ್ಕರು.

"ಅಯ್ಯಯ್ಯೋ ಮೇಷ್ಟ್ರೆ, ನೀವು ಇಲ್ಲೂ ಬಂದು ನಿಂತಿದೀರಾ!"

ಧರ್ಮಪ್ಪ ಗೌರವದಿಂದ ಇನ್ನೊಂದು ಕಡೆ ತಿರುಗಿ ನಿಂತ. ಅವನ ಹೆಂಡತಿ ಸೆರಗು ಬಾಯಿಗಿಟ್ಟುಕೊಂಡಳು. ಮಗಳ ವಿಷಯ ನಾನು ಹೇಳಿದ ಮೇಲೆ ಯಾರೂ ನಗಲಿಲ್ಲ. ಕನ್ನಮ್ಮ ಸೀರೆ ಎತ್ತಿ ಕಟ್ಟಿ ಏಣಿ ಹತ್ತಿದಳು. ಮೊದಲು ಕೆಳಗೆ ಬಂದದ್ದು ನನ್ನ ಗಂಡ, ಸುರುಳಿಯಾಗಿ.

ಅಷ್ಟರಲ್ಲಿ ವ್ಯಾನು ಬಂತು. ಹಳದಿ ಟೀ ಶರ್ಟಿನವರು ಹಿತ್ತಲಿಗೆ ಬಂದು ಬಾಯಿ ಬಿಟ್ಟು ನಿಂತರು.

"ಇದು ಮಂಡಗದ್ದೆ ಕೆಲಸಕ್ಕೆ ರಿಹರ್ಸಲ್ಲು" ಎಂದರು ಇವರು.

"ಎಂತ ರಿಹರ್ಸಲ್ಲು? ಮುಯ್ಯಿ!" ಎಂದಳು ಮೇಲಿಂದ ಕನ್ನಮ್ಮ. "ಸುಮ್ನೆ ನಿಲ್ಬೇಡಿ ಮಾರಾಯ್ರೆ, ಹೆಂಚು ಕೊಡಿ."

ಬಳಗದವರು ಇವರ ಮುಖ ನೋಡಿದರು. ಸೀಟಿ ಬರಲಿಲ್ಲ. ಉಮೇಶ್ ನನ್ನ ಮುಖ ನೋಡಿದ. ಅಲ್ಲಿ ಏನು ಕಂಡಿತೋ, ಒಂದು ಹೆಂಚು ಎತ್ತಿ ಮೇಲೆ ಕೊಟ್ಟ. ಆಮೇಲೆ ಇನ್ನೊಬ್ಬ, ಮತ್ತೊಬ್ಬ. ಇವರು ಮಂಡಗದ್ದೆಗೆ ಫೋನು ಮಾಡಿ ಮುಂದಿನ ಭಾನುವಾರ ಬರುತ್ತೇವೆಂದು ಹೇಳಿ ಬಾವಿಕಟ್ಟೆಯ ಮೇಲೆ ಕುಳಿತರು. ನಾನು ಅಷ್ಟೂ ಜನಕ್ಕೆ ಕಡುಬು, ಕೋಳಿಸಾರು ಮಾಡಿದೆ. ಕಣ್ಣಲ್ಲಿ ನೀರು ಬರುತ್ತಿತ್ತು, ಈರುಳ್ಳಿಯಿಂದ ಅಲ್ಲ.

ಊಟ ಮುಗಿದು ಕೊನೆಯ ಸಾಲು ಹೆಂಚು ಕೂತ ಹೊತ್ತಿಗೆ ಕಾರು ಬಂತು. ಯಶೋಧಾ ಇಳಿದವರೇ ಸೊಸೆಯನ್ನು ಕಾರಿನಲ್ಲೇ ಬಿಟ್ಟು ನೇರ ಬಚ್ಚಲಿಗೆ ನಡೆದರು. ಬಾಗಿಲು ಹಾಕಿಕೊಂಡರು. ನಾನು ಹೊರಗೆ ಬಾಗಿಲಿಗೆ ಕಿವಿಗೊಟ್ಟು ನಿಂತೆ. ಒಳಗೆ ತಂಬಿಗೆಯ ಸದ್ದು, ಕಾಲಿಗೆ ನೀರು ಹುಯ್ದುಕೊಂಡ ಸದ್ದು.

"ಈಗ ಯಾರೂ ಇಲ್ಲ" ಎಂದರು ಹೊರಗೆ ಬಂದು. ಆಮೇಲೆ ಡ್ರೈವರನ ಕಡೆ ತಿರುಗಿದರು. "ಸುಷ್ಮಂದು ಚೀಲ ಇಳ್ಸಪ್ಪ."

ನಾನು ಮಗಳನ್ನು ಒಳಗೆ ಕೂರಿಸಿ ಹಿತ್ತಲಿಗೆ ಬರುವಷ್ಟರಲ್ಲಿ ಕನ್ನಮ್ಮ ಕೈ ತೊಳೆದುಕೊಂಡು ಉಮೇಶನನ್ನು ತರಾಟೆಗೆ ತೆಗೆದುಕೊಂಡಿದ್ದಳು. "ಹೋಯ್, ಫೋಟೋ ತೆಗಿಯಲ್ವಾ? ನಮ್ಮನೇಲಾದ್ರೆ ಹೊಡೆದಾಡ್ಕಂಡು ತೆಗೀತೀರಿ."

ಧರ್ಮಪ್ಪ ಫ್ಲೆಕ್ಸನ್ನು ಬಿಚ್ಚಿ ಹೊಸ ಮಾಡಿನ ಅಂಚಿಗೆ ಕಟ್ಟಿದ, ಚಿತ್ರ ಹೊರಗೆ ಕಾಣುವಂತೆ. ಬಳಗದವರು ತಾವಾಗಿಯೇ ಸಾಲಾಗಿ ನಿಂತರು, ಅಷ್ಟು ಅಭ್ಯಾಸವಾಗಿದೆ. ಕನ್ನಮ್ಮ ಇವರ ರಟ್ಟೆ ಹಿಡಿದು ತಂದು ಬಚ್ಚಲ ಬಾಗಿಲಿನಲ್ಲಿ ನಿಲ್ಲಿಸಿದಳು.

"ಮುಗೀರಿ ಕೈಯ. ಮನೆ ಯಜಮಾನ್ರು ಮುಗೀಬೇಕು, ನೀವೇ ಹೇಳಿದ್ದು."

ಇವರು ಅತ್ತ ಇತ್ತ ನೋಡಿದರು. ಬೀಗಿತ್ತಿ ನೋಡುತ್ತಿದ್ದರು. ಕಿಟಕಿಯಿಂದ ಮಗಳು ನೋಡುತ್ತಿದ್ದಳು. "ಮೀನಾಕ್ಷೀ, ನೀನಾದ್ರೂ ಹೇಳೇ" ಎಂದರು ಮೆಲ್ಲಗೆ. ಎರಡು ಕೈಯೂ ಹೊಟ್ಟೆಯ ಹತ್ತಿರ ಬಂದು ನಿಂತಿದ್ದವು.

"ಇನ್ನೂ ಸ್ವಲ್ಪ ಮೇಲೆ" ಎಂದೆ. "ಎದೆ ಮಟ್ಟಕ್ಕೆ."

ಅವರು ಕೈ ಎತ್ತಿದರು. ತಲೆಯ ಮೇಲೆ ಫ್ಲೆಕ್ಸಿನ ಬೆಳ್ಳಪ್ಪ ಹಲ್ಲು ಬಿಡುತ್ತಿದ್ದರು, ಕೆಳಗಿನವರು ಬಿಡಲಿಲ್ಲ. ಎಷ್ಟೋ ವರ್ಷಗಳ ಮೇಲೆ ನನಗೆ ನನ್ನ ಗಂಡನನ್ನು ಕಂಡು ಅಯ್ಯೋ ಪಾಪ ಅನ್ನಿಸಿತು. ಆದರೂ ಉಮೇಶನಿಗೆ ಇನ್ನೊಂದು ತೆಗೆಯಲು ಹೇಳಿದೆ. ಮೊದಲನೆಯದರಲ್ಲಿ ಅವರು ಕಣ್ಣು ಮುಚ್ಚಿದ್ದರು.