ನಳಿಗೆಯೊಳಗಿನ ಮಸಿ

ನಿಜಾಮರ ಕಾಲದಲ್ಲಿ ನಮ್ಮಜ್ಜ ಕೊಂಡ ಬಂದೂಕು ಅದು. ಟ್ರಿಗರ್ ಎಳೆದಂತೆಲ್ಲ ತಾನೇ ಮುಂದಿನ ತೋಟಾ ತುಂಬಿಕೊಳ್ಳುತ್ತದೆ. ಅಪ್ಪ ತೀರಿದ ಮೇಲೆ ಲೈಸೆನ್ಸ್ ನನ್ನ ಹೆಸರಿಗಾಯಿತು. ಚುನಾವಣೆ ಬಂತೆಂದು ಠಾಣೆಗೆ ಒಪ್ಪಿಸುವಾಗ ನಳಿಗೆಯನ್ನು ಎಣ್ಣೆಬಟ್ಟೆಯಿಂದ ಕನ್ನಡಿಯಂತೆ ಒರೆಸಿ ಕೊಟ್ಟಿದ್ದೆ. ಆಮೇಲಿನ ಎರಡು ತಿಂಗಳಲ್ಲಿ ಕಾಡುಹಂದಿಗಳು ದೇವದುರ್ಗದ ನಮ್ಮ ಹೊಲದ ಶೇಂಗಾವನ್ನೆಲ್ಲ ಅಗೆದು ತಿಂದವು.

ಇವತ್ತು ಬಿಡಿಸಿಕೊಳ್ಳಲು ಹೋದರೆ ಹವಾಲ್ದಾರ ರಿಜಿಸ್ಟರ್ ಮುಂದಿಟ್ಟ.

‘ಸುಸ್ಥಿತಿಯಲ್ಲಿ ಪಡೆದಿದ್ದೇನೆ ಅಂತ ಬರದದ. ಸಹಿ ಮಾಡ್ರಿ, ಚಂದ್ರಕಲಾ ಅಕ್ಕಾರ.’

ನಳಿಗೆಯ ಬಾಯೊಳಗೆ ಹೆಬ್ಬೆರಳು ತಿರುವಿದೆ. ಬೆರಳೆಲ್ಲ ಮಸಿ.

‘ಏನ್ರೀ ಇದು?’

‘ಹಳೇ ಬಂದೂಕ ನೋಡ್ರಿ, ತುಕ್ಕಿರಬೇಕು.’

‘ತುಕ್ಕು ಕರ್ರಗ ಇರ್ತದೇನು? ಮದ್ದಿನ ವಾಸನಿ ಹೊಡ್ಯಾಕತ್ತದ!’

ಅವನು ತಲೆ ಎತ್ತಲಿಲ್ಲ. ‘ಹಳೇ ಮಾಲು ಹೆಂಗ ನಡೀತದ ನೋಡೂನು ಅಂತ ಸಾಹೇಬ್ರು ಒಂದೆರಡು ಸಲ...’

ಮಸಿಬೆರಳನ್ನು ಅವನ ಮುಖದ ಮುಂದೆ ಹಿಡಿದೆ.

‘ಯಾರೂ ಗುಂಡು ಹಾರಿಸಬಾರ್ದು ಅಂತ ಇಸ್ಗೊಂಡವ್ರು ನೀವು. ಹಂದಿ ಎಲ್ಲಾ ನನ್ನ ಹೊಲದಾಗಿದ್ವು. ನೀವು ಯಾರಿಗೆ ಹೊಡದ್ರಿ?’

ಅವನು ಚಾಚಿದ ಪೆನ್ನನ್ನು ಪಕ್ಕಕ್ಕೆ ಸರಿಸಿ, ‘ಸುಸ್ಥಿತಿ’ ಎಂಬ ಪದದ ಮೇಲೆಯೇ ಆ ಮಸಿಬೆರಳು ಒತ್ತಿ, ಬಂದೂಕು ಎತ್ತಿಕೊಂಡು ಬಂದೆ.