ಸೊಂಡಿಲೆತ್ತಿದ ಆನೆ ಮತ್ತು ದರ್ಜಿ ಮಾವ

ನಮ್ಮ ದರ್ಜಿ ಮಾವ ಮನುಷ್ಯರನ್ನು ಗುರುತಿಸುವುದು ಮುಖದಿಂದಲ್ಲ, ಭುಜದಿಂದ. ಡಾಕ್ಟರು ಎದುರಿಗೆ ಬಂದು ನಕ್ಕರೂ ಮಾವನಿಗೆ ಗುರುತು ಹತ್ತದು. ದಾಟಿ ಹೋದ ಮೇಲೆ ತಿರುಗಿ ನೋಡಿ, "ಓ, ಎಡಭುಜ ಇಳಿದಿರೋ ಡಾಕ್ಟ್ರಲ್ವಾ," ಎನ್ನುತ್ತಾರೆ. ಕೊರಳಲ್ಲಿ ಅಳತೆಯ ಟೇಪು, ಕಿವಿಯ ಸಂದಿಯಲ್ಲಿ ಸೀಮೆಸುಣ್ಣದ ಚೂರು, ದಿಗ್ವಿಜಯಕ್ಕೆ ಹೊರಟ ಚಕ್ರವರ್ತಿಯ ನಡಿಗೆ. ಅವರ ಕತ್ತರಿಯಿಂದ ಅತ್ತೆ ಒಮ್ಮೆ ಹಾಲಿನ ಪ್ಯಾಕೆಟ್ಟು ಕತ್ತರಿಸಿದ್ದಕ್ಕೆ ಮಾವ ಆ ದಿನವೆಲ್ಲ ಊಟ ಬಿಟ್ಟಿದ್ದರು.

ಅಂಥ ಮಹಾವೀರನ ಕೈ ಜಾರಿತು. ಹೆಡ್‌ಮಾಸ್ಟರು ತಮ್ಮ ನಿವೃತ್ತಿಯ ಸಮಾರಂಭಕ್ಕೆಂದು ಕೋಟು ಹೊಲಿಯಲು ಕೊಟ್ಟಿದ್ದ ಉಣ್ಣೆ ಬಟ್ಟೆಯಲ್ಲಿ, ಸರಿಯಾಗಿ ಎದೆಯ ಭಾಗದಲ್ಲೇ, ಕತ್ತರಿ ಗೆರೆ ತಪ್ಪಿ ಒಳಗೆ ನುಗ್ಗಿತು. ಆ ಬಟ್ಟೆ ಪೇಟೆಯಲ್ಲಿ ಮತ್ತೆ ಸಿಗಲಿಲ್ಲ. ಇನ್ನು ಕತ್ತರಿ ಮುಟ್ಟುವುದಿಲ್ಲವೆಂದು ಸಾರಿ ಮಾವ ಅಂಗಡಿ ಮುಚ್ಚಿ, ಗೋಡೆಗೆ ಮುಖ ಮಾಡಿ ಮಲಗಿಬಿಟ್ಟರು. ಮನಸ್ಸು ತಿಳಿಯಾಗಲೆಂದು ಅತ್ತೆಯೂ ನಾನೂ ಅವರನ್ನು ಎಬ್ಬಿಸಿ, ಬೆಟ್ಟವನ್ನೇ ಕೊರೆದು ಮಾಡಿದ ಪುರಾತನ ಗುಹಾದೇವಾಲಯಕ್ಕೆ ಬಸ್ಸಿನಲ್ಲಿ ಕರೆದೊಯ್ದೆವು.

ಎಂಥ ದಡ್ಡತನ ಮಾಡಿದೆವೆಂದು ಒಳಗೆ ಕಾಲಿಟ್ಟ ಮೇಲೆ ಹೊಳೆಯಿತು. ಕಂಬ, ಚಾವಣಿ, ದೇವರು, ಎಲ್ಲ ಒಂದೇ ಬಂಡೆ.

"ಹೊಲಿಗೆನೇ ಇಲ್ಲ ಕಣೋ," ಎಂದರು ಮಾವ ಕ್ಷೀಣವಾಗಿ. "ಬರೀ ಕತ್ತರಿಸಿದಾರೆ. ಎಲ್ಲೂ ತಪ್ಪಿಲ್ಲ ಅಂದ್ರೆ ನಾನು ಕತ್ತರಿ ಬಿಟ್ಟಿದ್ದೇ ಸರಿ."

ಅಲ್ಲಿಂದ ಶುರುವಾಯಿತು ತಪಾಸಣೆ. ಗರ್ಭಗುಡಿಯ ಮುಂದೆ ಟೇಪು ಹಿಡಿದು ನಿಂತವರಿಗೆ ಅತ್ತೆ, "ಮೊದಲು ಕೈ ಮುಗೀರಿ," ಎಂದರು.

"ತಾಳೇ. ಒಂದೊಂದು ಭುಜಕ್ಕೆ ಎರಡೆರಡು ತೋಳು ಹೇಗೆ ಕೂರಿಸಿದಾನೆ ಅಂತ ನೋಡ್ತಿದೀನಿ."

ಹೊರಗಿನ ಜಗಲಿಯ ಬುಡದಲ್ಲಿ ಆನೆಗಳ ಸಾಲು. ಎಲ್ಲವೂ ಸೊಂಡಿಲು ಇಳಿಬಿಟ್ಟಿದ್ದವು, ಒಂದು ಮಾತ್ರ ಹಣೆಗೆ ಎತ್ತಿತ್ತು. "ಅದು ದೇವರಿಗೆ ನಮಸ್ಕಾರ ಮಾಡೋ ಆನೆ ಸಾರ್," ಎಂದ ಗೈಡು. ಮಾವ ನೆಲದ ಮೇಲೆ ಬೋರಲು ಮಲಗಿ ಆನೆಯ ಬಾಯಿಯ ಕೆಳಗೆ ಬೆರಳಾಡಿಸಿದರು. ಸೊಂಡಿಲು ಇಳಿಯಬೇಕಾಗಿದ್ದ ಜಾಗದಲ್ಲಿ ಕಲ್ಲು ಚಕ್ಕೆಯೆದ್ದು ಗುಳಿ ಬಿದ್ದಿತ್ತು. ಅದರ ಅಂಚನ್ನು ಯಾರೋ ಜಾಣತನದಿಂದ ನಯಗೊಳಿಸಿದ್ದರು.

"ನಮಸ್ಕಾರ ಅಲ್ಲ ಕಣಪ್ಪ, ಕೈ ಜಾರಿದೆ," ಎಂದು ಎದ್ದ ಮಾವ, ದೇವರಿಗೆ ಇನ್ನೂ ಮುಗಿಯದ ಕೈಗಳನ್ನು ಆನೆಗೆ ಮುಗಿದರು. "ನಡೀರಿ, ನಡೀರಿ. ಹೆಡ್‌ಮಾಸ್ಟ್ರ ಎದೆಗೊಂದು ಓರೆ ಜೇಬು ಇಡ್ಬೇಕು."

ಸಮಾರಂಭದಲ್ಲಿ ಭಾಷಣಕ್ಕಿಂತ ಹೆಚ್ಚು ಮೆಚ್ಚುಗೆ ಪಡೆದದ್ದು ಆ ಜೇಬು. ಕತ್ತರಿಸಿ ಬದುಕುವವರಿಗೆ ಕುಂದಿಲ್ಲದ ಕೆಲಸ ತೋರಿಸಿದರೆ ಎದೆ ಕುಸಿಯುತ್ತದೆ. ಸಾವಿರ ವರ್ಷ ಹಿಂದಿನ ಕಸುಬಿನಣ್ಣನೊಬ್ಬ ಎಡವಿದ ಜಾಗ ತೋರಿಸಿ ನೋಡಿ, ಬಸ್ಸಿನ ತನಕ ಓಡಿಯೇ ಹೋಗುತ್ತಾರೆ.